ಯಾಶಿಕಾ ಎಲೆಕ್ಟ್ರೋ 35: ಬಹುಕಾಲ ಮುಚ್ಚಿಟ್ಟಿದ್ದ ಕ್ಯಾಮೆರಾವನ್ನು ಮತ್ತೆ ಬಳಕೆಗೆ ತರುವುದು ಹೇಗೆ?

ಪ್ರಶ್ನೆ
ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು ಬಳಸುತ್ತಿದ್ದ ಯಾಶಿಕಾ ಎಲೆಕ್ಟ್ರೋ 35 ಜಿಎಸ್ಎನ್ ಕ್ಯಾಮೆರಾ ಈಗ ನನ್ನ ಕೈಗೆ ಬಂದಿದೆ. ಅದನ್ನು ಚರ್ಮದ ಕವಚದ ಸಮೇತ ಮರದ ಕಪಾಟಿನಲ್ಲಿ ಇಟ್ಟಿದ್ದರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಯಾರೂ ಅದನ್ನು ಮುಟ್ಟಿಲ್ಲವೆಂದು ದೊಡ್ಡಮ್ಮ ಹೇಳುತ್ತಾರೆ. ನಮ್ಮ ಕಡೆಯ ಮಳೆಗಾಲವನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಅದರ ಸ್ಥಿತಿ ಅರ್ಥವಾದೀತು.

ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಹೊರಮೈ ಚೆನ್ನಾಗಿದೆ, ಎಲ್ಲಿಯೂ ನೆಗ್ಗಿಲ್ಲ. ತಳದ ಬ್ಯಾಟರಿ ಮುಚ್ಚಳವನ್ನು ತಿರುಗಿಸಿ ತೆಗೆದಾಗ ಒಳಗೆ ಹಳೆಯ ಬ್ಯಾಟರಿಯೊಂದು ಹಾಗೆಯೇ ಇತ್ತು. ಅದರ ತುದಿಯಲ್ಲೂ ಸ್ಪ್ರಿಂಗಿನ ಮೇಲೂ ನೀಲಿ ಮಿಶ್ರಿತ ಹಸಿರು ಪುಡಿ ಕಟ್ಟಿಕೊಂಡಿದೆ. ಫಿಲ್ಮ್ ಮುಂದೆ ಸರಿಸುವ ಲಿವರ್ ತಿರುಗುತ್ತದೆ, ಗುಂಡಿ ಒತ್ತಿದರೆ ಶಟರ್ ಸದ್ದು ಕೇಳಿಸುತ್ತದೆ. ಆದರೆ ಬಿಸಿಲಿಗೆ ಹಿಡಿದರೂ ಕತ್ತಲೆಗೆ ಹಿಡಿದರೂ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಲೆನ್ಸ್‌ನ ಅಂಚಿನಲ್ಲಿ ಜೇಡರ ನೂಲಿನಂತಹ ಎಳೆಗಳು ಹಬ್ಬಿವೆ. ವ್ಯೂಫೈಂಡರ್ ಮಸುಕಾಗಿದ್ದು, ಫೋಕಸ್ ಮಾಡಲು ನೋಡಬೇಕಾದ ಹಳದಿ ಚೌಕ ಕಷ್ಟಪಟ್ಟರೆ ಮಾತ್ರ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಎಣಿಕೆಯ ಕಿಂಡಿಯಲ್ಲಿ 19 ಎಂದು ಕಾಣುತ್ತಿದೆ, ರೋಲ್ ಹಿಂದಕ್ಕೆ ಸುತ್ತುವ ಹಿಡಿಕೆಯನ್ನು ತುಸು ತಿರುಗಿಸಿದರೆ ಬಿಗಿ ಸಿಗುತ್ತದೆ. ಒಳಗೆ ರೀಲು ಇರಬಹುದೆಂಬ ಅನುಮಾನದಿಂದ ಹಿಂಬದಿಯ ಬಾಗಿಲನ್ನು ನಾನು ತೆರೆದಿಲ್ಲ.

ಇದನ್ನು ಗಾಜಿನ ಕಪಾಟಿನಲ್ಲಿ ಅಲಂಕಾರಕ್ಕೆ ಇಡುವ ಮನಸ್ಸು ನನಗಿಲ್ಲ. ನಮ್ಮ ಮನೆಯ ಜಗಲಿ, ಅಂಗಳ, ಅಡಿಕೆ ಸುಲಿಯುವ ಹೊತ್ತಿನ ಕೆಲಸ ಇವನ್ನೆಲ್ಲ ಇದೇ ಕ್ಯಾಮೆರಾದಲ್ಲಿ ತೆಗೆಯಬೇಕೆಂಬ ಆಸೆಯಿದೆ. ಮೊದಲು ಏನು ಮಾಡಬೇಕು, ಯಾವುದನ್ನು ನಾನೇ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ
ಕತ್ತಲೆಕೋಣೆ, ಶಿವಮೊಗ್ಗ

ಬಾಗಿಲು ತೆರೆಯದೆ ಇದ್ದದ್ದು ಬಹಳ ಒಳ್ಳೆಯದಾಯಿತು. ನಾನು ಬಹುಕಾಲ ಸ್ಟುಡಿಯೋ ನಡೆಸಿದವನು. ಹಳೆಯ ಕ್ಯಾಮೆರಾ ಕೈಗೆ ಬಂದೊಡನೆ ಜನ ಮೊದಲು ಮಾಡುವ ಕೆಲಸವೇ ಹಿಂಬಾಗಿಲನ್ನು ತೆರೆದು ನೋಡುವುದು. ಆ ಒಂದು ಕ್ಷಣದಲ್ಲಿ ಹೊರಗಿನ ಸುತ್ತುಗಳಲ್ಲಿದ್ದ ಚಿತ್ರಗಳೆಲ್ಲ ಬೆಳಕು ತಿಂದು ಹಾಳಾಗುತ್ತವೆ. ಈ ಕ್ಯಾಮೆರಾದಲ್ಲಿ ಬಾಗಿಲು ತೆರೆದರೆ ಎಣಿಕೆಯೂ ಆರಂಭಕ್ಕೆ ಹೋಗುತ್ತದೆ. ಆದ್ದರಿಂದ 19 ಎಂಬ ಅಂಕಿ ಉಳಿದಿರುವುದೂ, ಹಿಡಿಕೆಯಲ್ಲಿ ಬಿಗಿ ಸಿಗುವುದೂ ಸೇರಿ, ಒಳಗೆ ರೀಲು ಇದೆಯೆಂದೇ ತಿಳಿಯಿರಿ.

ಅದನ್ನು ಹೊರತೆಗೆಯುವುದು ಕಷ್ಟವಲ್ಲ, ಅವಸರ ಮಾತ್ರ ಬೇಡ. ರಾತ್ರಿ ಹೊತ್ತು, ದೀಪ ಆರಿಸಿದ ಕೋಣೆಯಲ್ಲಿ ಕುಳಿತುಕೊಳ್ಳಿ. ಬಾಗಿಲ ಸುತ್ತಲಿನ ಸ್ಪಂಜಿನ ಪಟ್ಟಿಗಳು ಇಷ್ಟು ಹೊತ್ತಿಗೆ ಕರಗಿಹೋಗಿರುತ್ತವೆ. ಹಗಲು ಬೆಳಕಿನಲ್ಲಿ ಕ್ಯಾಮೆರಾವನ್ನು ಬಹಳ ಹೊತ್ತು ಅಲುಗಾಡಿಸುವುದೂ ಒಳಗಿನ ಫಿಲ್ಮಿಗೆ ಕ್ಷೇಮವಲ್ಲ. ತಳದಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಿ, ಹಿಡಿಕೆಯನ್ನು ಬಿಡಿಸಿ, ಅದರ ಮೇಲಿನ ಬಾಣದ ದಿಕ್ಕಿಗೆ ನಿಧಾನವಾಗಿ ಸುತ್ತಿ. ಹಳೆಯ ಫಿಲ್ಮ್ ಪೆಡಸಾಗಿರುತ್ತದೆ, ರಭಸದಿಂದ ಎಳೆದರೆ ಅಂಚಿನ ತೂತುಗಳು ಹರಿಯುತ್ತವೆ. ಸುತ್ತುತ್ತ ಹೋದಂತೆ ಒಂದು ಹಂತದಲ್ಲಿ ಬಿಗಿ ಕಳಚಿ ಹಿಡಿಕೆ ಹಗುರವಾಗುತ್ತದೆ. ಅದಾದ ಮೇಲೂ ಕತ್ತಲೆಯಲ್ಲಿಯೇ ಬಾಗಿಲು ತೆರೆದು, ರೋಲ್ ತೆಗೆದು, ಬೆಳಕು ನುಗ್ಗದ ಡಬ್ಬಿಯಲ್ಲಿ ಹಾಕಿ, ಆಮೇಲೆ ದೀಪ ಹಾಕಿ. ಹಿಡಿಕೆ ನಡುವೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಿ ಬರೆಯಿರಿ.

ಕ್ಯಾಮೆರಾದ ಮಾತು ಆಮೇಲೆ ಬರಲಿ. ಅದು ಕಾಯುತ್ತದೆ, ಫಿಲ್ಮ್ ಇನ್ನು ಕಾಯುವುದಿಲ್ಲ.


ಉತ್ತರ
ಬೆಳ್ಳಿಲವಣ, ಮೈಸೂರು

ಕತ್ತಲೆಕೋಣೆಯವರು ಹೇಳಿದಂತೆ ರೋಲ್ ಹೊರಬಂದ ಮೇಲೆ ಅದರ ಡಬ್ಬಿಯ ಮೇಲಿನ ಬರಹವನ್ನು ಒಂದಕ್ಷರವೂ ಬಿಡದೆ ಓದಿಕೊಳ್ಳಿ. ಅದನ್ನು ಯಾರಿಂದ, ಹೇಗೆ ತೊಳೆಸಬೇಕೆಂಬುದು ಆ ಬರಹದಿಂದಲೇ ತೀರ್ಮಾನವಾಗುತ್ತದೆ. ನಾನು ಮನೆಯಲ್ಲಿಯೇ ಫಿಲ್ಮ್ ತೊಳೆಯುವವಳು. ನನಗೆ ಬರುವ ಹಳೆಯ ರೋಲ್‌ಗಳಲ್ಲಿ ಕೆಟ್ಟುಹೋದವುಗಳ ಪೈಕಿ ಬಹಳಷ್ಟು ಕಾಲದಿಂದ ಕೆಟ್ಟವಲ್ಲ, ತಪ್ಪು ವಿಧಾನದಲ್ಲಿ ತೊಳೆದು ಕೆಟ್ಟವು.

ಸಿ-41 ಎಂದಿದ್ದರೆ ಅದು ಬಣ್ಣದ ನೆಗೆಟಿವ್ ತೊಳೆಯುವ, ಇಂದಿಗೂ ಚಾಲ್ತಿಯಲ್ಲಿರುವ ವಿಧಾನ. 1972ರಲ್ಲಿ ಬಂದ ಆ ವಿಧಾನದಲ್ಲಿ ಡೆವಲಪರ್ (ಚಿತ್ರ ಮೂಡಿಸುವ ರಾಸಾಯನಿಕ) 37.8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 3 ನಿಮಿಷ 15 ಸೆಕೆಂಡು ಕೆಲಸ ಮಾಡುತ್ತದೆ. ಅದಕ್ಕಿಂತ ಹಳೆಯ ಸಿ-22 ಎಂದಿದ್ದರೆ ಆ ಬಿಸಿಯನ್ನು ಅದರ ಲೇಪ ತಾಳಲಾರದು, ಸಾಮಾನ್ಯ ಲ್ಯಾಬಿಗೆ ಕೊಡಲೇಬಾರದು. ಕೊಡಾಕ್ ಕಂಪನಿಯ ಬಣ್ಣದ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಆಗಿದ್ದರೆ ಬಣ್ಣದ ಆಸೆಯನ್ನು ಬಿಡಬೇಕಾಗುತ್ತದೆ. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಊರಿನ ಡ್ವೇನ್ಸ್ ಫೋಟೋ, 2010ರ ಡಿಸೆಂಬರ್ ಕೊನೆಗೆ ರೋಲ್ ಸ್ವೀಕರಿಸುವುದನ್ನು ನಿಲ್ಲಿಸಿತು. ಅಂತಹ ರೋಲ್‌ಗಳನ್ನು ಕಪ್ಪುಬಿಳುಪಿನ ರಾಸಾಯನಿಕದಲ್ಲಿ ತೊಳೆದು ಬರೀ ಬೆಳ್ಳಿಯ ಚಿತ್ರವನ್ನು ಉಳಿಸಿಕೊಳ್ಳಬಹುದು.

ಸಿ-41 ಆಗಿದ್ದರೂ ಇಷ್ಟು ವರ್ಷ ಮಲೆನಾಡಿನ ತೇವದಲ್ಲಿ ಕಳೆದ ರೋಲ್‌ನಲ್ಲಿ ಬಣ್ಣಗಳು ಒಂದು ಕಡೆಗೆ ವಾಲಿರುತ್ತವೆ, ಮಬ್ಬು ಕವಿದಿರುತ್ತದೆ. ಹಾಗಿದ್ದರೂ ಮೊದಲ ಆಯ್ಕೆ ಬಣ್ಣದ ವಿಧಾನವೇ ಆಗಲಿ ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಮಂದಿ ಹಳೆಯ ಬಣ್ಣದ ರೋಲ್‌ಗಳನ್ನೆಲ್ಲ ಕಪ್ಪುಬಿಳುಪಿನಲ್ಲಿ ತೊಳೆಯುವುದೇ ಸುರಕ್ಷಿತವೆಂದು ಸಲಹೆ ಕೊಡುತ್ತಾರೆ. ಆದರೆ ಹಾಗೆ ತೊಳೆದಾಗ ಬಣ್ಣದ ನೆಗೆಟಿವ್‌ಗಳಲ್ಲಿರುವ ಕಿತ್ತಳೆ ಬಣ್ಣದ ಛಾಯೆ ಉಳಿಯುತ್ತದೆ, ಬಣ್ಣದ ವಿಧಾನದಲ್ಲಿ ಬ್ಲೀಚ್ ತೆಗೆದುಹಾಕಬೇಕಾಗಿದ್ದ ಹಳದಿ ಸೋಸುಪದರದ ಬೆಳ್ಳಿಯೂ ಫಿಲ್ಮಿನಲ್ಲಿಯೇ ಉಳಿದು ನೆಗೆಟಿವ್ ದಟ್ಟವಾಗುತ್ತದೆ. ಮುಂದೆ ಬಣ್ಣ ಬೇಕೆಂದರೆ ಸುಲಭವಾಗಿ ಹಿಂದಿರುಗುವ ದಾರಿಯಿಲ್ಲ. ಲ್ಯಾಬಿಗೆ ಕೊಡುವಾಗ ರೋಲ್ ಹಳೆಯದೆಂದು ಹೇಳಿ, ನೆಗೆಟಿವ್ ಹಿಂದಿರುಗಿಸಲೇಬೇಕೆಂದು ಬರೆದುಕೊಡಿ. ಈಗ ಸ್ಕ್ಯಾನ್ ಮಾತ್ರ ಕಳುಹಿಸಿ ನೆಗೆಟಿವ್ ಎಸೆಯುವ ಪದ್ಧತಿ ಕೆಲವೆಡೆ ಬಂದಿದೆ, ಅದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ವಿಮಾನದಲ್ಲಿ ಬರುವ ನೆಂಟರ ಕೈಯಲ್ಲಿ ರೋಲ್ ಕಳುಹಿಸುವ ಯೋಚನೆಯಿದ್ದರೆ ಬೇಡ. ನಿಲ್ದಾಣಗಳ ಹೊಸ ಸಿಟಿ ಸ್ಕ್ಯಾನರುಗಳ ಕ್ಷಕಿರಣ ಈಗಾಗಲೇ ಮಬ್ಬಾದ ಫಿಲ್ಮನ್ನು ಇನ್ನಷ್ಟು ಮಬ್ಬಾಗಿಸುತ್ತದೆ.


ಉತ್ತರ
ಸರ್ಕ್ಯೂಟ್, ಬೆಂಗಳೂರು

ಎಲೆಕ್ಟ್ರೋ ಮಾದರಿಯ ಬಗ್ಗೆ ನನಗೆ ವಿಶೇಷ ಪ್ರೀತಿಯಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಈ ಸರಣಿಯ ಮೊದಲ ಕ್ಯಾಮೆರಾ 1966ರಲ್ಲಿ ಬಂತು, ತಮ್ಮ ಬಳಿಯಿರುವ ಜಿಎಸ್ಎನ್ ಮಾದರಿ 1973ರದ್ದು. 45 ಮಿಲಿಮೀಟರ್ ಎಫ್/1.7 ಲೆನ್ಸ್, ಅದರೊಳಗೇ ಕೂತಿರುವ ಕೋಪಾಲ್ ಎಲೆಕ್ ಎಂಬ ಎಲೆಶಟರ್ (ತೆಳು ರೆಕ್ಕೆಗಳು ತೆರೆದು ಮುಚ್ಚುವ ಶಟರ್). ಛಾಯಾಗ್ರಾಹಕರು ಅಪರ್ಚರ್ (ಬೆಳಕು ಹಾಯುವ ತೂತಿನ ಅಳತೆ; ಎಫ್ ಅಂಕಿ ಹೆಚ್ಚಿದಷ್ಟೂ ತೂತು ಚಿಕ್ಕದು) ಮಾತ್ರ ಆರಿಸಿಕೊಳ್ಳುತ್ತಾರೆ. ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ವ್ಯೂಫೈಂಡರ್ ಪಕ್ಕದ ಸಿಡಿಎಸ್ ಕೋಶ ಅಳೆದ ಬೆಳಕಿಗೆ ತಕ್ಕಂತೆ ಸರ್ಕ್ಯೂಟ್ ತೀರ್ಮಾನಿಸುತ್ತದೆ. 30 ಸೆಕೆಂಡಿನಿಂದ ಹಿಡಿದು ಸೆಕೆಂಡಿನ 500ರಲ್ಲಿ ಒಂದು ಭಾಗದವರೆಗೆ ಮೆಟ್ಟಿಲುಗಳಿಲ್ಲದೆ ಯಾವ ವೇಗವನ್ನಾದರೂ ಅದು ಕೊಡಬಲ್ಲದು.

ಬ್ಯಾಟರಿ ಇಲ್ಲದಿದ್ದರೆ ಇದರ ಶಟರ್ ಸದಾ 1/500 ಸೆಕೆಂಡಿನಲ್ಲಿಯೇ ಬಡಿಯುತ್ತದೆ. ಬಿಸಿಲಿಗೂ ಕತ್ತಲೆಗೂ ಸದ್ದು ಒಂದೇ ಆಗಿರುವುದಕ್ಕೆ ಇದೇ ಕಾರಣವಿರಬಹುದು. ಆದ್ದರಿಂದ ಶಟರ್ ಕೆಟ್ಟಿದೆಯೆಂಬ ತೀರ್ಮಾನಕ್ಕೆ ಈಗಲೇ ಬರಬೇಡಿ.

ಒಳಗಿರುವುದು 5.6 ವೋಲ್ಟಿನ ಪಾದರಸದ ಬ್ಯಾಟರಿ. ಕೈಗವಸು ಹಾಕಿಕೊಂಡು ತೆಗೆಯಿರಿ, ಪುಡಿಯನ್ನು ಬಾಯಿಂದ ಊದಬೇಡಿ, ಕಸದ ತೊಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಆ ಬಗೆಯ ಬ್ಯಾಟರಿ ಈಗ ತಯಾರಾಗುವುದಿಲ್ಲ. ಅದರ ಬದಲಿಗೆ 6 ವೋಲ್ಟಿನ 4ಎಲ್ಆರ್44 ಸಿಗುತ್ತದೆ. ಇದು ಉದ್ದದಲ್ಲಿಯೂ ದಪ್ಪದಲ್ಲಿಯೂ ಹಳೆಯದಕ್ಕಿಂತ ಚಿಕ್ಕದು, ಆದ್ದರಿಂದ ಸುತ್ತಲೂ ರಟ್ಟಿನ ಕೊಳವೆ ಸುತ್ತಿ, ಉಳಿದ ಉದ್ದಕ್ಕೆ ಒಂದು ಲೋಹದ ಸ್ಪ್ರಿಂಗ್ ಇಡಬೇಕು. ಇದಕ್ಕೆಂದೇ ಮಾಡಿದ ಅಡಾಪ್ಟರುಗಳೂ ಆನ್‌ಲೈನಿನಲ್ಲಿ ದೊರೆಯುತ್ತವೆ. 0.4 ವೋಲ್ಟಿನ ಹೆಚ್ಚಳದಿಂದ ಏನಾದರೂ ಆದೀತೇ ಎಂಬ ಚಿಂತೆ ಬೇಡ. ಅನೇಕರು ವರ್ಷಗಟ್ಟಲೆ ಹೀಗೆಯೇ ಬಳಸುತ್ತಿದ್ದಾರೆ, ಆಗುವ ಅಲ್ಪ ವ್ಯತ್ಯಾಸವನ್ನು ನೆಗೆಟಿವ್ ಫಿಲ್ಮ್ ನುಂಗಿಕೊಳ್ಳುತ್ತದೆ.

ಹೊಸ ಬ್ಯಾಟರಿ ಹಾಕುವ ಮುನ್ನ ಬ್ಯಾಟರಿ ಕೋಣೆಯ ತುಕ್ಕನ್ನು ತೆಗೆಯಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ಬಿಳಿ ವಿನೆಗರಿನಲ್ಲಿ ಅದ್ದಿ, ಹಿಂಡಿ, ಉಜ್ಜಿ. ಅದಾದ ಮೇಲೆ ಐಸೋಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಜಿಎಸ್ಎನ್ ಮಾದರಿಯ ಒಳಗಿನ ಸಂಪರ್ಕಗಳಿಗೆ ಚಿನ್ನದ ಲೇಪವಿದೆ, ಆದರೆ ಆ ರಕ್ಷಣೆ ಬ್ಯಾಟರಿ ಕೋಣೆಯ ಸ್ಪ್ರಿಂಗಿಗೂ ತಂತಿಗೂ ಇಲ್ಲ. ಬ್ಯಾಟರಿ ಹಾಕಿ ಹಿಂಬದಿಯ ಪರೀಕ್ಷೆಯ ಗುಂಡಿಯನ್ನು ಒತ್ತಿದಾಗ ಮೇಲೆ ಹಸಿರು ದೀಪ ಹೊತ್ತಿದರೆ ಅರ್ಧ ಗೆದ್ದಂತೆ. ಹೊತ್ತದಿದ್ದರೆ, ಕೋಣೆಯಿಂದ ಮೇಲೆ ಹೋಗುವ ತಂತಿಯ ಬೆಸುಗೆ ತುಕ್ಕಿನಿಂದ ಕಳಚಿರುವ ಸಂಭವವೇ ಹೆಚ್ಚು. ತಳದ ತಗಡನ್ನು ತೆಗೆದು ಮತ್ತೆ ಬೆಸುಗೆ ಹಾಕಿದರೆ ಸರಿಹೋಗುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಿ ತಿಳಿಸಿ. ಒಂದು ಚಿತ್ರ ತೆಗೆದು ಲಿವರನ್ನು ಪೂರ್ತಿ ಎಳೆದಾಗ, ಕೊನೆಯ ಹಂತದಲ್ಲಿ ಒಳಗಿನಿಂದ 'ಟಕ್' ಎಂಬ ಗಟ್ಟಿಯಾದ ಸದ್ದು ಬರುತ್ತದೆಯೇ? ಅದರ ಮೇಲೆ ಮುಂದಿನ ಮಾತು ನಿಂತಿದೆ.


ಉತ್ತರ
ಕಡಲಗಾಳಿ, ಮಂಗಳೂರು

ಲೆನ್ಸ್‌ನ ಎಳೆಗಳ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ. ನಮ್ಮ ಕರಾವಳಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವರು ಮೊದಲು ಕಲಿಯುವ ಪಾಠವೇ ಬೂಷ್ಟಿನದು.

ಅದು ಎಲ್ಲಿ ಬೆಳೆದಿದೆ ಎಂಬುದನ್ನು ನೋಡುವುದಕ್ಕೆ, ರೀಲು ತೆಗೆದ ಮೇಲೆ ಹಿಂಬಾಗಿಲನ್ನು ತೆರೆದು, ಬಿ ಗುರುತಿಗೆ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಸ್ಥಾನ) ಇಟ್ಟು, ಶಟರ್ ಗುಂಡಿಯನ್ನು ಒತ್ತಿ ಹಿಡಿದು, ಚಿಕ್ಕ ಟಾರ್ಚನ್ನು ಮುಂಭಾಗದಿಂದ ಓರೆಯಾಗಿ ಹಾಯಿಸಿ. ನೇರ ಬೆಳಕಿನಲ್ಲಿ ಕಾಣದ ಎಳೆ ಓರೆ ಬೆಳಕಿನಲ್ಲಿ ಸ್ಪಷ್ಟವಾಗುತ್ತದೆ. ಅಂಚಿನಲ್ಲಿ ನಾಲ್ಕಾರು ಎಳೆಗಳಿದ್ದರೆ ಚಿತ್ರದಲ್ಲಿ ಅದರ ಪರಿಣಾಮ ಬಹುತೇಕ ಕಾಣಿಸದು. ನಡುವೆ ಹಬ್ಬಿದ್ದರೆ, ಅಥವಾ ತೆಳುವಾದ ಮಂಜಿನಂತೆ ಇಡೀ ಗಾಜನ್ನು ಮುಚ್ಚಿದ್ದರೆ, ಎದುರು ಬೆಳಕಿನ ಚಿತ್ರಗಳೆಲ್ಲ ಬಿಳಿಚಿಕೊಳ್ಳುತ್ತವೆ.

ಹೊರಮೈ ಗಾಜಿನ ಮೇಲಿದ್ದರೆ ಲೆನ್ಸ್ ಒರೆಸುವ ದ್ರವ ಮತ್ತು ಮೆತ್ತನೆಯ ಬಟ್ಟೆ ಸಾಕು. ಒಳಗಿದ್ದರೆ ಮುಂದಿನ ಹೆಸರಿನ ಉಂಗುರವನ್ನು ರಬ್ಬರ್ ಬಿರಡೆಯಂತಹ ಸಾಧನವನ್ನು ಒತ್ತಿ ತಿರುಗಿಸಿ ತೆಗೆದು, ಲೆನ್ಸ್ ಸ್ಪ್ಯಾನರಿನಿಂದ ಮುಂದಿನ ಗುಂಪನ್ನು ಬಿಚ್ಚಬೇಕಾಗುತ್ತದೆ. ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಶೇಕಡಾ 3ರಷ್ಟಕ್ಕೆ ತೆಳುಗೊಳಿಸಿ, ಅಷ್ಟೇ ಪ್ರಮಾಣದ ಮನೆಬಳಕೆಯ ಅಮೋನಿಯಾ ದ್ರವದೊಡನೆ ಆಗಲೇ ಬೆರೆಸಿ, ಗಾಳಿಯಾಡುವ ಕಡೆ ಕುಳಿತು ಒರೆಸುವುದು ಹಲವರ ಕ್ರಮ. ಒರೆಸಿದ ಮೇಲೂ ಎಳೆಯ ಆಕಾರದ ಗೆರೆಗಳು ಉಳಿದಿದ್ದರೆ ಬೂಷ್ಟು ಲೇಪವನ್ನೇ ಕೊರೆದಿದೆಯೆಂದು ಅರ್ಥ. ಇನ್ನೂ ಉಜ್ಜಿದರೆ ಲೇಪ ಹೋಗುವುದೇ ಹೊರತು ಗೆರೆ ಹೋಗದು.

ವ್ಯೂಫೈಂಡರಿನ ಮಸುಕು ಬಹುಮಟ್ಟಿಗೆ ಧೂಳು ಮತ್ತು ಆವಿಯಾದ ಜಿಡ್ಡಿನದು. ಮೇಲಿನ ತಗಡನ್ನು ತೆಗೆದವರು ಹೊರಗಿನ ಗಾಜುಗಳನ್ನು ಧೈರ್ಯವಾಗಿ ಒರೆಸಬಹುದು. ಆದರೆ ನಡುವೆ ಓರೆಯಾಗಿ ನಿಂತಿರುವ ಅರೆಬೆಳ್ಳಿಯ ಕನ್ನಡಿಯನ್ನು ದಯವಿಟ್ಟು ಮುಟ್ಟಬೇಡಿ. ಅದರ ಲೇಪ ಅಷ್ಟು ನಾಜೂಕು. ಒಮ್ಮೆ ಒರೆಸಿದರೆ ಹಳದಿ ಚೌಕವೇ ಮಾಯವಾದೀತು. ಗಾಳಿಯ ಬಲ್ಬಿನಿಂದ ಊದುವುದಷ್ಟೇ ಅದಕ್ಕೆ ತಕ್ಕ ಉಪಚಾರ.

ಶಟರ್ ನಿಧಾನವಾಗಿದೆಯೆಂದು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಎಲೆಶಟರಿನ ರೆಕ್ಕೆಗಳು ಒಣಗಿದ್ದಾಗಲೇ ಸರಿಯಾಗಿ ನಡೆಯುತ್ತವೆ; ಎಣ್ಣೆಯ ತೆಳುವಾದ ಪದರವೂ ಅವನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸುತ್ತದೆ.

ಮುಂದಿನ ರಕ್ಷಣೆಗೆ: ಚರ್ಮದ ಕವಚವನ್ನು ನೆನಪಿಗೆ ಬೇರೆ ಕಡೆ ಇಡಿ, ಕ್ಯಾಮೆರಾವನ್ನು ಅದರೊಳಗೆ ಮತ್ತೆ ಎಂದಿಗೂ ಇಡಬೇಡಿ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಒಂದು ಚಿಕ್ಕ ಮಾಪಕ, ಇಷ್ಟು ಸಾಕು. ಮಾಪಕ ಶೇಕಡಾ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಾಯಿಸಿದ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಪಾತ್ರೆಯಲ್ಲಿ ಹುರಿಯಬಾರದು. ಕಪಾಟಿನಲ್ಲಿ ಸಣ್ಣ ಬಲ್ಬನ್ನು ಸದಾ ಉರಿಸಿಟ್ಟು ಲೆನ್ಸ್‌ಗಳನ್ನು ಕಾಪಾಡುತ್ತಿದ್ದ ಹಳೆಯ ಸ್ಟುಡಿಯೋಗಳ ಕ್ರಮವೂ ತಪ್ಪಲ್ಲ, ಆದರೆ ಮಳೆಗಾಲದಲ್ಲಿ ಕರೆಂಟು ಹೋದಾಗ ಅದರ ಪ್ರಯೋಜನವೂ ಹೋಗುತ್ತದೆ. ನುಸಿಗುಳಿಗೆಯನ್ನಂತೂ ಡಬ್ಬಿಯೊಳಗೆ ಹಾಕಲೇಬೇಡಿ.


ಪ್ರಶ್ನೆ ಕೇಳಿದವರ ಮರುಮಾತು
ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ರೋಲ್ ಹರಿಯದೆ ಹೊರಬಂದಿದೆ. ಅದರ ಮೇಲೆ ಸಿ-41 ಎಂದೂ ಎಎಸ್ಎ 100 (ಫಿಲ್ಮ್ ಬೆಳಕಿಗೆ ಸ್ಪಂದಿಸುವ ವೇಗದ ಅಂಕಿ) ಎಂದೂ ಬರೆದಿದೆ. ಬಣ್ಣದ ವಿಧಾನದಲ್ಲಿಯೇ ತೊಳೆಸಲು ನಿರ್ಧರಿಸಿದ್ದೇನೆ. ವಿನೆಗರಿನಿಂದ ಒರೆಸಿ ಹೊಸ ಬ್ಯಾಟರಿ ಹಾಕಿದಾಗ ಹಸಿರು ದೀಪ ಹೊತ್ತಿತು. ಗುಂಡಿಯನ್ನು ಅರ್ಧ ಒತ್ತಿದರೆ ವ್ಯೂಫೈಂಡರಿನಲ್ಲಿ ಹಳದಿ ದೀಪವೂ ಬರುತ್ತದೆ. ಆದರೆ ಲಿವರ್ ಎಳೆದಾಗ ಸರ್ಕ್ಯೂಟ್ ಅವರು ಕೇಳಿದ ಆ 'ಟಕ್' ಸದ್ದು ಬರುತ್ತಿಲ್ಲ, ಕತ್ತಲೆಯಲ್ಲಿಯೂ ಶಟರ್ ಕ್ಷಣಮಾತ್ರದಲ್ಲಿ ಮುಚ್ಚಿಕೊಳ್ಳುತ್ತದೆ. ಹಿಂಬಾಗಿಲ ಸ್ಪಂಜು ಡಾಂಬರಿನಂತೆ ಅಂಟಾಗಿ ಕೈಗೆ ಮೆತ್ತಿಕೊಳ್ಳುತ್ತಿದೆ. ಬೂಷ್ಟು ಅಂಚಿನಲ್ಲಿ ಮಾತ್ರ ಇದೆ.


ಉತ್ತರ
ಸರ್ಕ್ಯೂಟ್, ಬೆಂಗಳೂರು

ಹಾಗಿದ್ದರೆ ತೊಂದರೆ ಎಲ್ಲಿದೆಯೆಂದು ತಿಳಿಯಿತು. ಶಟರ್ ಗುಂಡಿಯಿಂದ ಕೆಳಗಿಳಿಯುವ ಕಡ್ಡಿಯ ಚಲನೆಯನ್ನು ತಡೆದು ನಿಲ್ಲಿಸಲು ಒಂದು ಚಿಕ್ಕ ರಬ್ಬರ್ ತುಣುಕನ್ನು ಅಂಟಿಸಿರುತ್ತಾರೆ. ವರ್ಷಗಳು ಕಳೆದಂತೆ ಅದು ಜಿಗುಟಾಗಿ ಉದುರಿಹೋಗುತ್ತದೆ. ಆಗ ಕಡ್ಡಿ ತನ್ನ ಸರಿಯಾದ ಜಾಗಕ್ಕೆ ಹಿಂದಿರುಗುವುದಿಲ್ಲ, ಶಟರಿನ ವಿದ್ಯುತ್ ಸಂಪರ್ಕಗಳು ತಕ್ಕ ಹೊತ್ತಿಗೆ ಕೂಡಿಕೊಳ್ಳುವುದಿಲ್ಲ. ಲಿವರ್ ಎಳೆದಾಗ ಕೇಳಿಸಬೇಕಾದ ಸದ್ದು ಆ ಕಡ್ಡಿ ತನ್ನ ಜಾಗಕ್ಕೆ ಮರಳುವ ಸದ್ದು. ಪ್ರಪಂಚದಾದ್ಯಂತ ಈ ಕ್ಯಾಮೆರಾ ಬಳಸುವವರು ಇದನ್ನು 'ಸಾವಿನ ಪ್ಯಾಡ್' ಎಂದು ಕರೆಯುತ್ತಾರೆ. ಹೆಸರು ಭಯ ಹುಟ್ಟಿಸಿದರೂ ಇದು ಸರಿಪಡಿಸಬಹುದಾದ ದೋಷವೇ: ಹಳೆಯ ಅಂಟನ್ನು ಪೂರ್ತಿ ತೆಗೆದು, ಮೂಲ ತುಣುಕಿನಷ್ಟೇ ದಪ್ಪದ ಗಟ್ಟಿ ರಬ್ಬರನ್ನು ಅಂಟಿಸಿದರೆ ಕ್ಯಾಮೆರಾ ಮತ್ತೆ ನಡೆಯುತ್ತದೆ. ಸ್ಪಂಜು ಮಾತ್ರ ಬೇಡ, ಅದು ಒತ್ತಡಕ್ಕೆ ಚಪ್ಪಟೆಯಾಗುತ್ತದೆ.

ಕೆಲಸ ಇರುವುದು ಅಲ್ಲಿಗೆ ತಲುಪುವುದರಲ್ಲಿ. ಮೇಲಿನ ತಗಡನ್ನು ತೆಗೆಯಬೇಕು, ಹಲವು ತೆಳು ತಂತಿಗಳನ್ನು ಕಡಿಯದಂತೆ ಸರಿಸಬೇಕು. ಸ್ಕ್ರೂಗಳು ಜಪಾನಿನ ಜೆಐಎಸ್ ಅಳತೆಯವು. ನಮ್ಮಲ್ಲಿ ಸಿಗುವ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಅವುಗಳ ತಲೆ ಸವೆದುಹೋಗುತ್ತದೆ. ಸರಿಯಾದ ಸಾಧನ, ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ತೆಗೆದ ಚಿತ್ರ, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಜೋಡಿಸಿಡುವ ತಾಳ್ಮೆ, ಇವಿದ್ದರೆ ತಾವೇ ಮಾಡಬಹುದೆಂಬುದು ನನ್ನ ನಂಬಿಕೆ.


ಉತ್ತರ
ಕತ್ತಲೆಕೋಣೆ, ಶಿವಮೊಗ್ಗ

ಸರ್ಕ್ಯೂಟ್ ಅವರ ರೋಗನಿರ್ಣಯವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಕೊನೆಯ ಸಲಹೆಯನ್ನು ಒಪ್ಪಲಾರೆ. ಜೀವಮಾನದಲ್ಲಿ ಮೊದಲ ಬಾರಿಗೆ ಬಿಚ್ಚುವ ಕ್ಯಾಮೆರಾ ದೊಡ್ಡಪ್ಪನವರದ್ದೇ ಆಗಬಾರದು. ಇದೇ ಮಾದರಿಯ ಕೆಟ್ಟುಹೋದ ಕ್ಯಾಮೆರಾಗಳು ಹಳೆಯ ಸಾಮಾನುಗಳ ಮಾರುಕಟ್ಟೆಯಲ್ಲಿ ಸಿಗುತ್ತವೆ. ಒಂದನ್ನು ತಂದು ಅದರಲ್ಲಿ ಕೈ ಪಳಗಿಸಿಕೊಂಡರೆ ಮುಂದೆ ಬಿಡಿಭಾಗಗಳಿಗೂ ಒದಗುತ್ತದೆ. ಅದು ಆಗದಿದ್ದರೆ ಎಲೆಶಟರಿನ ಕೆಲಸ ಬಲ್ಲ ರಿಪೇರಿಯವರನ್ನು ಹುಡುಕಿ. ಅಂತಹವರು ಈಗ ಬಹಳ ಕಡಿಮೆ, ವಯಸ್ಸಾದವರೇ ಹೆಚ್ಚು. ಆದ್ದರಿಂದ ಕೊಡುವ ಮುನ್ನ ದೋಷವೇನೆಂದು ಸ್ಪಷ್ಟವಾಗಿ ಹೇಳಿ, ಅದೊಂದನ್ನೇ ಮಾಡಿಕೊಡಿ ಎಂದು ಕೇಳಿ.

ಸ್ಪಂಜಿನ ಕೆಲಸವನ್ನು ಮಾತ್ರ ತಾವೇ ಮಾಡಿ. ಐಸೋಪ್ರೊಪಿಲ್ ಆಲ್ಕೋಹಾಲಿನಲ್ಲಿ ಅದ್ದಿದ ಮರದ ಹಲ್ಲುಕಡ್ಡಿಯಿಂದ ಅಂಟನ್ನು ಕೆರೆದು ತೆಗೆಯಿರಿ. ಲೋಹದ ಮೊನೆ ಬೇಡ. ಫಿಲ್ಮ್ ಹಾಯುವ ಹಳಿಗಳ ಮೇಲೆ ಅಂಟಿನ ಚೂರೂ ಉಳಿಯಬಾರದು, ಉಳಿದರೆ ಇಡೀ ರೋಲ್‌ನ ಉದ್ದಕ್ಕೂ ಗೀರು ಬೀಳುತ್ತದೆ. ಬಾಗಿಲ ಅಂಚು ಕೂರುವ ಕಿರಿದಾದ ಸೀಳುಗಳಲ್ಲಿ ಕಪ್ಪು ಉಣ್ಣೆಯ ನೂಲನ್ನು ಕೂರಿಸಿ, ಕೀಲಿನ ಕಡೆಗೆ ಕಪ್ಪು ವೆಲ್ವೆಟ್ ಪಟ್ಟಿಯನ್ನು ಅಂಟಿಸಿ. ಇವೆರಡೂ ಮಾರುಕಟ್ಟೆಯ ಸ್ಪಂಜಿಗಿಂತ ಬಹುಕಾಲ ಬಾಳುತ್ತವೆ, ಕರಗಿ ಅಂಟಾಗುವುದಿಲ್ಲ.

ಪ್ಯಾಡ್ ಸರಿಯಾಗುವವರೆಗೆ ಕ್ಯಾಮೆರಾ ಸುಮ್ಮನಿರಬೇಕೆಂದೇನೂ ಇಲ್ಲ. ಬ್ಯಾಟರಿಯನ್ನು ತೆಗೆದರೆ ಶಟರ್ 1/500 ಸೆಕೆಂಡಿನದಾಗುತ್ತದೆಯಲ್ಲವೇ? ಎಎಸ್ಎ 400ರ ಫಿಲ್ಮ್ ಹಾಕಿ, ಕಡು ಬಿಸಿಲಿನಲ್ಲಿ ಎಫ್/16, ತೆಳು ಮೋಡವಿದ್ದರೆ ಎಫ್/11 ಇಟ್ಟು ಅಂಗಳದ ಚಿತ್ರಗಳನ್ನು ತೆಗೆಯಬಹುದು. ಅಡಿಕೆ ಒಣಗಿಸುವ ಬಿಸಿಲು ಇದಕ್ಕೆ ಧಾರಾಳವಾಗಿ ಸಾಲುತ್ತದೆ.


ಉತ್ತರ
ಬೆಳ್ಳಿಲವಣ, ಮೈಸೂರು

ರಿಪೇರಿ ಮುಗಿದ ಮೇಲೆ ಮೊದಲ ರೋಲನ್ನು ಪರೀಕ್ಷೆಗೆಂದೇ ಮೀಸಲಿಡಬೇಕೆಂದು ನನ್ನ ಒತ್ತಾಯ. ಮೋಡ ಸರಿದಾಡದ ದಿನ, ಬೆಳಕು ಒಂದೇ ಸಮನಾಗಿರುವ ಹೊತ್ತಿನಲ್ಲಿ ಜಗಲಿಯ ಒಳಗೆ ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ನಿಲ್ಲಿಸಿ. ಎಎಸ್ಎ 200ರ ಫಿಲ್ಮ್ ಆದರೆ ಡಯಲಿನಲ್ಲಿಯೂ 200 ಇಟ್ಟು, ಒಂದೇ ಕಂಬವನ್ನು ಎಫ್/2ರಿಂದ ಎಫ್/16ರವರೆಗೆ ಪ್ರತಿಯೊಂದು ಅಪರ್ಚರಿನಲ್ಲಿಯೂ ಒಮ್ಮೊಮ್ಮೆ ತೆಗೆಯಿರಿ. ನಡುವೆ ವ್ಯೂಫೈಂಡರಿನಲ್ಲಿ ಕೆಂಪು ಬಾಣ ಬಂದರೆ ಬೆಳಕು 1/500 ಸೆಕೆಂಡಿಗೂ ಮೀರಿದೆಯೆಂದು ತಿಳಿದು ಆ ಅಪರ್ಚರನ್ನು ಬಿಡಿ. ಹಳದಿ ದೀಪ 1/30 ಸೆಕೆಂಡಿಗಿಂತ ನಿಧಾನವೆಂಬ ಎಚ್ಚರಿಕೆಯಷ್ಟೇ, ಟ್ರೈಪಾಡ್ ಇದ್ದಾಗ ಅದಕ್ಕೆ ಚಿಂತಿಸಬೇಕಾಗಿಲ್ಲ.

ಫೋಕಸ್ ಪರೀಕ್ಷೆಗೆ, ಎಫ್/1.7ರಲ್ಲಿ ಹತ್ತಿರದ ಒಂದು ವಸ್ತುವನ್ನೂ ದೂರದ ಗುಡ್ಡದ ಮೇಲಿನ ಮೊಬೈಲ್ ಗೋಪುರವನ್ನೂ ತೆಗೆಯಿರಿ. ಗೋಪುರವನ್ನು ನೋಡುವಾಗ ಉಂಗುರ ಅನಂತದ ಗುರುತಿಗೆ ಬಂದಾಗ ಹಳದಿ ಚೌಕದೊಳಗಿನ ಎರಡು ಬಿಂಬಗಳು ಒಂದಾಗಿರಬೇಕು. ಫಿಲ್ಟರ್ ಹಾಕಬೇಡಿ; ಅಳೆಯುವ ಕೋಶ ಲೆನ್ಸ್‌ನ ಹೊರಗಿರುವುದರಿಂದ ಫಿಲ್ಟರ್ ತಿನ್ನುವ ಬೆಳಕು ಅದಕ್ಕೆ ಗೊತ್ತಾಗುವುದಿಲ್ಲ.

ತೊಳೆಸಿದ ಮೇಲೆ ಲ್ಯಾಬ್ ಕೊಟ್ಟ ಸ್ಕ್ಯಾನುಗಳನ್ನು ನೋಡಿ ತೀರ್ಮಾನಿಸಬೇಡಿ, ಸ್ಕ್ಯಾನರ್ ಹೆಚ್ಚುಕಡಿಮೆಗಳನ್ನು ತಾನೇ ಸರಿದೂಗಿಸಿಬಿಡುತ್ತದೆ. ನೆಗೆಟಿವ್ ಪಟ್ಟಿಯನ್ನು ಬಿಳಿಯ ಬೆಳಕಿಗೆ ಹಿಡಿದು ನೋಡಿ. ಆ ಕಂಬದ ಚಿತ್ರಗಳೆಲ್ಲ ಒಂದೇ ದಟ್ಟಣೆಯಲ್ಲಿದ್ದರೆ ಆಟೋ ವ್ಯವಸ್ಥೆ ಸರಿಯಾಗಿದೆ. ಎಫ್/2ರಿಂದ ಎಫ್/16ರ ಕಡೆಗೆ ಹೋದಂತೆ ನೆಗೆಟಿವ್ ತೆಳುವಾಗುತ್ತ ಬಂದಿದ್ದರೆ ಶಟರ್ ಬೇಕಾದಷ್ಟು ಹೊತ್ತು ತೆರೆದಿರುತ್ತಿಲ್ಲ; ಪ್ಯಾಡಿನ ದಪ್ಪವನ್ನೋ ಸಂಪರ್ಕಗಳನ್ನೋ ಮತ್ತೆ ನೋಡಬೇಕಾಗುತ್ತದೆ. ಎಲ್ಲವೂ ಸಮನಾಗಿದ್ದು, ಎಲ್ಲವೂ ತುಸು ದಟ್ಟವಾಗಿದ್ದರೆ ಅದು ಕೋಶದ ವಯಸ್ಸಿನ ಅಥವಾ ವೋಲ್ಟೇಜಿನ ಪರಿಣಾಮ. ಕ್ಯಾಮೆರಾವನ್ನು ಬಿಚ್ಚುವ ಅಗತ್ಯವಿಲ್ಲ, ಎಎಸ್ಎ ಡಯಲನ್ನು ಸ್ವಲ್ಪ ಮೇಲಕ್ಕೆ ಇಟ್ಟುಕೊಂಡರೆ ಆಯಿತು.

ಕಪ್ಪುಬಿಳುಪಿನಲ್ಲಿ ಪರೀಕ್ಷಿಸುವುದಾದರೆ ತೊಳೆಯುವುದನ್ನೂ ಮನೆಯಲ್ಲಿಯೇ ಮಾಡಬಹುದು. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಡಿ-76 ಡೆವಲಪರನ್ನು ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ, ಸಮಪ್ರಮಾಣದ ನೀರು ಬೆರೆಸಿದರೆ 11 ನಿಮಿಷ. ತಮ್ಮಲ್ಲಿ ಬೇಸಿಗೆಯ ನೀರು 20 ಡಿಗ್ರಿಗೆ ಇಳಿಯುವುದಿಲ್ಲ, ಆದ್ದರಿಂದ ಡಬ್ಬಿಗಳನ್ನು ಮಂಜುಗಡ್ಡೆ ಹಾಕಿದ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿಟ್ಟು, ತೊಳೆಯುವ ನೀರನ್ನೂ ಅದೇ ಉಷ್ಣತೆಗೆ ತಂದುಕೊಂಡ ಮೇಲೆ ಆರಂಭಿಸಿ. ಪಟ್ಟಿಯ ಫೋಟೋವನ್ನು ಇಲ್ಲಿ ಹಾಕಿದರೆ ದಟ್ಟಣೆಯನ್ನು ಓದುವುದಕ್ಕೆ ನಾವೆಲ್ಲರೂ ನೆರವಾಗುತ್ತೇವೆ. ಫೋಟೋ ತೆಗೆಯುವಾಗ ಅಂಚಿನ ಅಕ್ಷರ ಮತ್ತು ಅಂಕಿಗಳೂ ಕಾಣುವಂತೆ ಇರಲಿ, ತೊಳೆದದ್ದು ಸರಿಯಾಗಿದೆಯೇ ಇಲ್ಲವೇ ಎಂಬುದು ಅವುಗಳಿಂದ ತಿಳಿಯುತ್ತದೆ.